ಸ್ವಂತ ಬಂದೂಕು ಮಾರಲು ಸರ್ಕಾರವನ್ನು ಕೇಳಬೇಕಾ?

ಅಮೆರಿಕದಲ್ಲಿ ಪರವಾನಗಿ ಪಡೆದ ಅಂಗಡಿಯವರು ಗಿರಾಕಿಯ ಹಿನ್ನೆಲೆ ತಪಾಸಣೆ, ಅಂದರೆ ಬಂದೂಕು ಕೊಳ್ಳಲು ಕಾನೂನಿನ ಅಡ್ಡಿ ಇದೆಯೇ ಎಂಬ ಪರಿಶೀಲನೆ, ಮಾಡದೆ ಬಂದೂಕು ಮಾರುವಂತಿಲ್ಲ. ಆದರೆ ತನ್ನ ಮನೆಯ ಬಂದೂಕನ್ನು ಅದೇ ರಾಜ್ಯದ ಇನ್ನೊಬ್ಬರಿಗೆ ಮಾರುವವರಿಗೆ ಕೇಂದ್ರದ ಕಾನೂನು ಈ ಷರತ್ತು ಹಾಕಿಲ್ಲ. ಕೆಲವು ರಾಜ್ಯಗಳು ಮಾತ್ರ ಹಾಕಿವೆ. ದೇಶಕ್ಕೆಲ್ಲ ಒಂದೇ ನಿಯಮ ಬೇಕೇ?

ಪರ

ಗನ್ ಶೋ ಎಂದರೆ ನಮ್ಮ ವಾರದ ಸಂತೆಯ ಹಾಗೆ. ಒಂದು ಮೇಜಿನ ಹಿಂದೆ ಪರವಾನಗಿ ಇರುವ ವ್ಯಾಪಾರಿ ಕೂತಿರುತ್ತಾನೆ. ಅವನ ಹತ್ತಿರ ಕೊಳ್ಳಬೇಕಾದರೆ 4473 ನಂಬರಿನ ಫಾರಂ ತುಂಬಬೇಕು, ಗುರುತಿನ ಚೀಟಿ ತೋರಿಸಬೇಕು. ಅವನು ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುವ ನಿಕ್ಸ್ ಎಂಬ ಹಿನ್ನೆಲೆ ತಪಾಸಣೆಯ ವ್ಯವಸ್ಥೆಯನ್ನು ಕೇಳುತ್ತಾನೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ತನ್ನ ಹಳೆಯ ಬಂದೂಕು ಇಟ್ಟುಕೊಂಡಿದ್ದಾನೆ. ಅಲ್ಲಿ ಫಾರಂ ಇಲ್ಲ, ಫೋನ್ ಇಲ್ಲ. ದುಡ್ಡು ಕೊಟ್ಟರೆ ಆಯಿತು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗಲ್ವಾ ಇದು?

1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡ ನೆನಪಿಸಿಕೊಳ್ಳಿ. ಅಲ್ಲಿ ಬಳಕೆಯಾದ ನಾಲ್ಕು ಬಂದೂಕುಗಳಲ್ಲಿ ಮೂರನ್ನು ಹಂತಕರ ಹದಿನೆಂಟು ವರ್ಷದ ಗೆಳತಿಯೊಬ್ಬಳು ಗನ್ ಶೋನಲ್ಲಿ ಖಾಸಗಿಯವರಿಂದ ತಂದುಕೊಟ್ಟಿದ್ದಳು. ವಿವರ ಕೊಡಬೇಕು, ತಪಾಸಣೆ ಆಗುತ್ತದೆ ಅಂತಿದ್ದರೆ ಕೊಳ್ಳುತ್ತಲೇ ಇರಲಿಲ್ಲ ಎಂದು ಅವಳೇ ಆಮೇಲೆ ಹೇಳಿದಳು. ಮರುವರ್ಷ ಕೊಲರಾಡೊದ ಮತದಾರರು ಗನ್ ಶೋಗಳಲ್ಲಿ ತಪಾಸಣೆ ಕಡ್ಡಾಯ ಮಾಡಿದರು.

ಟೆಕ್ಸಾಸ್‌ನ ಮಿಡ್‌ಲ್ಯಾಂಡ್–ಒಡೆಸ್ಸಾ ಕಥೆ ಇನ್ನೂ ನೇರ. 2019ರಲ್ಲಿ ಅಲ್ಲಿ ಏಳು ಜನರನ್ನು ಕೊಂದವನು 2014ರಲ್ಲೇ ಅಂಗಡಿಯಲ್ಲಿ ಬಂದೂಕು ಕೊಳ್ಳಲು ಹೋಗಿ ತಪಾಸಣೆಯಲ್ಲಿ ಫೇಲ್ ಆಗಿದ್ದ. ಅಂದರೆ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು! ಆಮೇಲೆ ಅವನು ಖಾಸಗಿಯಾಗಿ ರೈಫಲ್ ಕೊಂಡ.

ಕಳ್ಳರು ಕಾನೂನು ಕೇಳುತ್ತಾರಾ ಎನ್ನುತ್ತಾರೆ. ಕೇಳುವುದಿಲ್ಲ. ಆದರೆ ಈ ಕಾನೂನು ಕಟ್ಟಿಹಾಕುವುದು ಮಾರುವವನನ್ನು. ಅವನು ಬಹುಪಾಲು ಪ್ರಾಮಾಣಿಕನೇ. ಎದುರಿಗೆ ನಿಂತವನು ಯಾರೆಂದು ಅವನಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿಗೆ 20 ಮಕ್ಕಳು ಸತ್ತ ಮೇಲೆ, 2013ರ ಏಪ್ರಿಲ್‌ನಲ್ಲಿ, ಇಬ್ಬರು ಸೆನೆಟರ್‌ಗಳ ಹೆಸರಿನ ಮ್ಯಾಂಚಿನ್–ಟೂಮಿ ತಿದ್ದುಪಡಿ ಅಮೆರಿಕದ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಬಂತು. ಗನ್ ಶೋ ಮತ್ತು ಇಂಟರ್‌ನೆಟ್ ಜಾಹೀರಾತಿನ ಮಾರಾಟಕ್ಕೆ ತಪಾಸಣೆ ಬೇಕು, ಮನೆಯವರೊಳಗಿನ ಕೊಡುಕೊಳ್ಳುವಿಕೆಗೆ ಬೇಡ ಎಂದು ಅದು ಹೇಳಿತ್ತು. ಅದರ ಪರ 54, ವಿರುದ್ಧ 46 ಮತ ಬಿತ್ತು. ಸೆನೆಟ್‌ನ ನಿಯಮದಂತೆ ಬೇಕಿದ್ದದ್ದು 60. ಹೆಚ್ಚು ಮತ ಪಡೆದೂ ಸೋತಿತು.

ವಿರೋಧ

ಕೊಡಗಿನವರಿಗೆ ನನ್ನ ಮಾತು ಬೇಗ ಅರ್ಥವಾಗಬಹುದು. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಕೊಡವರಿಗೆ ಶಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿಯೂ ಇದೆ. ಅಮೆರಿಕದ ಹಳ್ಳಿಗಾಡಿನಲ್ಲೂ ಬಂದೂಕು ಹೀಗೆ ಮನೆಯ ಸಾಮಾನೇ. ಅದನ್ನು ಬಾಲ್ಯದ ಗೆಳೆಯನಿಗೆ ಮಾರಬೇಕಾದರೂ ತಪಾಸಣೆಗೆಂದು ಇಬ್ಬರೂ ಪರವಾನಗಿ ಇರುವ ದೂರದ ಅಂಗಡಿಗೆ ಹೋಗಿ, ಫೀಸು ಕೊಟ್ಟು, ಕಾಯಬೇಕು ಅಂದರೆ ಯಾರಿಗೆ ಲಾಭ?

ಅಪರಾಧಿಗಳಿಗೆ ಬಂದೂಕು ಎಲ್ಲಿಂದ ಸಿಗುತ್ತದೆ ಎಂದು ಅಮೆರಿಕದ ನ್ಯಾಯ ಇಲಾಖೆ ಕೈದಿಗಳನ್ನೇ ಕೇಳಿದೆ. 2016ರ ಆ ಸಮೀಕ್ಷೆಯಲ್ಲಿ, ಅಪರಾಧದ ವೇಳೆ ಬಂದೂಕು ಇಟ್ಟುಕೊಂಡಿದ್ದವರಲ್ಲಿ ಸುಮಾರು 43 ಶೇಕಡಾ ಜನ ಬೀದಿ ಅಥವಾ ಕಳ್ಳ ಮಾರುಕಟ್ಟೆಯಿಂದ ತಂದಿದ್ದರು. ಗನ್ ಶೋದಿಂದ ತಂದವರು ಒಂದು ಶೇಕಡಾಕ್ಕಿಂತ ಕಡಿಮೆ. ಬೀದಿಯಲ್ಲಿ ಮಾರುವವನು ಫಾರಂ ತುಂಬಿಸುವುದಿಲ್ಲ. ಕೊಲಂಬೈನ್ ಗೆಳತಿಯ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಆ ಒಂದು ಮಾತಿನ ಮೇಲೆ ದೇಶದ ಕಾನೂನು ಕಟ್ಟಲಾಗದು.

ಇರುವ ತಪಾಸಣೆಯೇ ಸೋರುತ್ತಿದೆ. 2017ರಲ್ಲಿ ಟೆಕ್ಸಾಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಊರಿನ ಚರ್ಚಿನಲ್ಲಿ ಗುಂಡು ಹಾರಿಸಿದವನು ಅಂಗಡಿಯಲ್ಲಿ ತಪಾಸಣೆ ಪಾಸಾದವನು. ಮನೆಯವರ ಮೇಲೆ ಹಲ್ಲೆ ಮಾಡಿ ವಾಯುಪಡೆಯಲ್ಲಿ ಶಿಕ್ಷೆಯಾಗಿತ್ತು. ವಾಯುಪಡೆ ಆ ದಾಖಲೆಯನ್ನು ಎಫ್‌ಬಿಐಗೆ ಕಳಿಸಿರಲೇ ಇಲ್ಲ. ಇಂಥ ಕಡತದ ಮೇಲೆ ಇನ್ನಷ್ಟು ಭಾರ ಹೇರಿದರೆ ಏನು ಬಂತು?

ನೆವಾಡಾದಲ್ಲಂತೂ ತಮಾಷೆಯೇ ಆಯಿತು. 2016ರಲ್ಲಿ ಮತದಾರರು ಖಾಸಗಿ ಮಾರಾಟಕ್ಕೆ ತಪಾಸಣೆ ಬೇಕು ಎಂದು ತೀರಾ ಕಡಿಮೆ ಅಂತರದಲ್ಲಿ ಒಪ್ಪಿದರು. ತಪಾಸಣೆ ಎಫ್‌ಬಿಐ ಮಾಡಬೇಕು ಎಂದು ಬರೆದಿದ್ದರು. ನಾವು ಮಾಡುವುದಿಲ್ಲ ಎಂದಿತು ಎಫ್‌ಬಿಐ. ಕಾನೂನು ವರ್ಷಗಟ್ಟಲೆ ಸುಮ್ನೆ ಕೂತಿತು.

ನನಗೆ ಜಾಸ್ತಿ ಅಳುಕು ಬೇರೆಯದು. ಯಾರ ಬಂದೂಕು ಯಾರ ಕೈಗೆ ಹೋಯಿತು ಎಂದು ಬರೆದಿಡದೆ ಈ ನಿಯಮವನ್ನು ಜಾರಿ ಮಾಡುವುದು ಕಷ್ಟ. ಬರೆದಿಟ್ಟರೆ ಅದು ಇಡೀ ದೇಶದ ಬಂದೂಕು ಪಟ್ಟಿಯಾಗುತ್ತದೆ. ಅಂಥ ಪಟ್ಟಿ ಕೂಡದು ಎಂದು 1986ರ ಕಾನೂನೇ ಹೇಳಿದೆ. ಸೆನೆಟರ್ ಟಾಮ್ ಕೋಬರ್ನ್ 2013ರಲ್ಲಿ ಒಂದು ದಾರಿ ತೋರಿಸಿದ್ದರು. ಕೊಳ್ಳುವವನೇ ವೆಬ್‌ಸೈಟಿನಲ್ಲಿ ತನ್ನ ತಪಾಸಣೆ ಮಾಡಿಕೊಳ್ಳಲಿ, ಪಾಸಾದ ಚೀಟಿಯನ್ನು ಮಾರುವವನಿಗೆ ತೋರಿಸಲಿ, ದಾಖಲೆ ಬೇಡ ಎಂದರು. ನಾನಾದರೆ ಅದಕ್ಕೆ ಸಹಿ ಹಾಕುತ್ತಿದ್ದೆ. ಡೆಮಾಕ್ರಾಟಿಕ್ ಪಕ್ಷದವರು ದಾಖಲೆ ಉಳಿಯಲೇಬೇಕು ಎಂದರು. ಮಾತುಕತೆ ಅಲ್ಲಿಗೇ ಮುರಿಯಿತು.