ಕಾಣದ ಕೈ ಯಾರದ್ದು?

"ಸಮಾಜದ ಸ್ವಾಸ್ಥ್ಯ ಕೆಡಿಸುವ ಕಿಡಿಗೇಡಿಗಳು." "ಇದರ ಹಿಂದೆ ಕಾಣದ ಕೈಗಳಿವೆ." "ಎಷ್ಟೇ ದೊಡ್ಡವರಾಗಿರಲಿ, ಕಠಿಣ ಕ್ರಮ." ಸುಳ್ಳು ಸುದ್ದಿಯ ಬಗ್ಗೆ ನಮ್ಮ ರಾಜಕಾರಣಿಗಳು ಬಾಯಿ ತೆರೆದರೆ ಇಂಥ ಮಾತು ಬಂದೇ ಬರುತ್ತವೆ. ಪಕ್ಷ ಯಾವುದಾದರೂ ಸರಿ. ಕೇಳಿದಾಗ ಧೈರ್ಯ ಬರುತ್ತದೆ. ಆದರೆ ಸುಳ್ಳು ಹೇಳಿದವರು ಯಾರು ಅನ್ನುವುದು ಮಾತ್ರ ಆ ಮಾತಿನಲ್ಲಿ ಇರುವುದೇ ಇಲ್ಲ, ಅಲ್ವಾ?

2022ರ ಅಕ್ಟೋಬರ್‌ನಲ್ಲಿ ಹರಿಯಾಣದ ಸೂರಜ್‌ಕುಂಡ್‌ನಲ್ಲಿ ರಾಜ್ಯಗಳ ಗೃಹ ಮಂತ್ರಿಗಳ ಚಿಂತನ ಶಿಬಿರ ನಡೆಯಿತು. ಒಂದು ಸಣ್ಣ ಸುಳ್ಳು ಸುದ್ದಿ ದೇಶದಲ್ಲಿ ಬಿರುಗಾಳಿ ಎಬ್ಬಿಸಬಲ್ಲದು, ಫಾರ್ವರ್ಡ್ ಮಾಡುವ ಮುಂಚೆ ಹತ್ತು ಸಲ ಯೋಚಿಸಬೇಕು ಎಂದು ಪ್ರಧಾನಿ ಮೋದಿ ಅಲ್ಲಿ ಹೇಳಿದರು. ಎರಡನೇ ಮಾತು ನೂರಕ್ಕೆ ನೂರು ಸರಿ. ಬಿರುಗಾಳಿ ಅನ್ನುವ ಮಾತಿಗೇ ನನ್ನ ತಕರಾರು. ಗಾಳಿ ತಾನಾಗಿ ಏಳುತ್ತದೆ, ಯಾರನ್ನೂ ಹಿಡಿದು ಕೇಳುವಂತಿಲ್ಲ. ಸುಳ್ಳನ್ನು ಯಾರೋ ಕೂತು ಬರೆದಿರುತ್ತಾರೆ. ಹಳೇ ವಿಡಿಯೋಗೆ ಹೊಸ ಊರಿನ ಹೆಸರು ಹಾಕಿರುತ್ತಾರೆ. ಅದನ್ನು ಮಾಡುವುದಕ್ಕೆಂದೇ ಸಂಬಳ ಪಡೆಯುವವರೂ ಇದ್ದಾರೆ.

ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿ ನೆನಪಿದೆಯಾ? 2018ರ ಜುಲೈ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇಹೋದರು. ಅಲ್ಲಿ ಕಾಣದ ಕೈ ಎಲ್ಲಿತ್ತು? ಅಕ್ಕಪಕ್ಕದ ಮನೆಯವರ ಕೈಯಲ್ಲೇ ಇದ್ದ ಫೋನು ಅದು. "ಮುಗ್ಧ ಜನರ ದಾರಿ ತಪ್ಪಿಸುತ್ತಿದ್ದಾರೆ" ಎನ್ನುವ ಭಾಷಣಕ್ಕೆ ನಾವು ಚಪ್ಪಾಳೆ ತಟ್ಟುವುದು ಇದಕ್ಕೇ. ಅದು ನಮ್ಮನ್ನೂ ತಪ್ಪಿನಿಂದ ಪಾರು ಮಾಡುತ್ತದೆ.

ಹೀಗೆ ಶತ್ರುವಿಗೆ ಮುಖವೇ ಇಲ್ಲದಾಗ ಅಧಿಕಾರ ಕೇಳುವುದು ಸುಲಭ. ಕೇಂದ್ರ 2023ರಲ್ಲಿ ತನ್ನ ಕೆಲಸದ ಬಗ್ಗೆ ಯಾವುದು ಸುಳ್ಳು ಎಂದು ತಾನೇ ಹೇಳುವ ಘಟಕಕ್ಕೆ ನಿಯಮ ತಂದಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯಲೆಂದು ನಮ್ಮ ರಾಜ್ಯದ್ದೇ ಒಂದು ಕರಡು ಮಸೂದೆ ಹೊರಬಿತ್ತು. 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ತೀರ್ಮಾನ ಮಾಡುವ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷರು! ಬೈದಾಡುವ ಎರಡು ಪಕ್ಷಗಳು ಇಲ್ಲಿ ಮಾತ್ರ ಒಂದೇ ದಾರಿ ಹಿಡಿದವು.

ನನಗೆ ಕಠಿಣ ಕ್ರಮದ ಭಾಷಣ ಕೇಳಿ ಸಾಕಾಗಿದೆ. "ನಮ್ಮ ಪಕ್ಷದ ಪೇಜ್‌ನಲ್ಲಿ ನಿನ್ನೆ ಹಾಕಿದ್ದು ಸುಳ್ಳು, ತಪ್ಪಾಯಿತು, ಅಳಿಸಿದ್ದೇವೆ." ಇಷ್ಟು ಹೇಳುವ ನಾಯಕರೊಬ್ಬರು ಬೇಕು. ನಿಮ್ಮ ಶಾಸಕರೋ ಸಂಸದರೋ ಹಾಗೆ ಬರೆದದ್ದನ್ನು ನೋಡಿದ್ದರೆ ದಯವಿಟ್ಟು ಇಲ್ಲಿ ಹಾಕಿ. ಯಾವ ಪಕ್ಷದವರಾದರೂ ಸರಿ, ಖುಷಿಯಿಂದ ಹಂಚುತ್ತೇನೆ.