ಒಂದು ನಿಮಿಷಕ್ಕೆ ದಂಡ, ಹನ್ನೆರಡು ವರ್ಷ ದಂಡ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಗ್ರಿಮ್ಸ್‌ಬಿ ಟೌನ್‌ಗೆ 20,000 ಪೌಂಡ್ ದಂಡ ಹಾಕಿದ ಸುದ್ದಿ ಓದಿರುತ್ತೀರಿ. ಅರ್ಧ ಈಗ ಕಟ್ಟಬೇಕು, ಇನ್ನರ್ಧ ಮತ್ತೆ ತಪ್ಪು ಮಾಡಿದರೆ. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯಕ್ಕೆ ಕ್ಲಾರ್ಕ್ ಒಡೂರ್ ಅನ್ನುವ ಆಟಗಾರನ ಹೆಸರನ್ನು ಮಧ್ಯಾಹ್ನ 12 ಗಂಟೆಯೊಳಗೆ ಕಳಿಸಬೇಕಿತ್ತು. ಅದು ಹೋದದ್ದು 12 ಗಂಟೆ 1 ನಿಮಿಷಕ್ಕೆ. ಕಂಪ್ಯೂಟರ್ ಕೈಕೊಟ್ಟಿತಂತೆ. ನಮ್ಮ ಕಡೆ ಆಗಿದ್ದರೆ 'ಸರ್ವರ್ ಡೌನ್' ಅಂತ ಬೋರ್ಡ್ ಹಾಕಿ ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ಗ್ರಿಮ್ಸ್‌ಬಿಯವರು ಪಾಪ, ತಾವೇ ಹೋಗಿ ತಪ್ಪಾಯಿತು ಅಂತ ಒಪ್ಪಿಕೊಂಡರು. ಇಷ್ಟಕ್ಕೂ ಆ ಒಡೂರ್ ಅವತ್ತು ಏನು ಕಡಿದು ಕಟ್ಟೆ ಹಾಕಿದ್ದ? ಕೊನೆಯ ಹೊತ್ತಿನಲ್ಲಿ ಇಳಿದ. ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಕೈಗೆ ಕೊಟ್ಟ.

"ನೋಡಿದ್ರಾ ಮಾಮ? ಅವತ್ತೇ ಹೇಳಿರಲಿಲ್ವಾ ನಾನು? ಮೋಸ!" ಅಂತ ಅಕ್ಕನ ಮಗ ಫೋನ್ ಹಿಡಿದುಕೊಂಡೇ ಒಳಗೆ ಬಂದ.

ಅವತ್ತು ಅವನು ಏನೂ ಹೇಳಿರಲಿಲ್ಲ. ಅವತ್ತು ಅವನಿಗೆ ಬಾಯಿ ಕಟ್ಟಿತ್ತು. 2025ರ ಆಗಸ್ಟ್ 27ರ ಪಂದ್ಯ, ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು. ನಾಲ್ಕನೇ ದರ್ಜೆಯ ಲೀಗಿನ, ಮೀನು ಮಾರುವ ಊರಿನ ತಂಡವೊಂದು ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಎರಡು ಗೋಲ್ ಹಾಕಿತು. ಅದರಲ್ಲಿ ಒಂದು ಹಾಕಿದವನು ಯುನೈಟೆಡ್ ತಾನೇ ಸಾಕಿ ಬೆಳೆಸಿ ಕೈಬಿಟ್ಟ ಹುಡುಗ, ಟೈರೆಲ್ ವಾರನ್. ಹೇಗೋ 2-2 ಆಯಿತು. ಪೆನಾಲ್ಟಿಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಜನ ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಎತ್ತಿ ಕುಣಿಯುತ್ತಿದ್ದರು. ಯುನೈಟೆಡ್‌ನ ಆಗಿನ ಕೋಚ್ ಅಮೋರಿಮ್ ಚೌಕಾಬಾರ ಆಡುವವರ ಹಾಗೆ ಬೋರ್ಡಿನ ಮೇಲೆ ಕಾಯಿ ಸರಿಸುತ್ತಾ ಕೂತಿದ್ದರು. ಕೊನೆಗೆ 6.5 ಕೋಟಿ ಪೌಂಡ್ ಕೊಟ್ಟು ತಂದ ಎಂಬ್ಯೂಮೊ ಹೊಡೆದ ಚೆಂಡು ಮೇಲಿನ ಕಂಬಿಗೆ ಬಡಿಯಿತು. ಗ್ರಿಮ್ಸ್‌ಬಿ 12-11ರಲ್ಲಿ ಗೆದ್ದಿತು.

ನಾನೂ ಯುನೈಟೆಡ್ ಕಡೆಯವನೇ, ಮುಚ್ಚಿಡುವುದೇನು. 1999ರಲ್ಲಿ ಜರ್ಮನಿಯ ಬಯರ್ನ್ ತಂಡದ ಮೇಲೆ ಕೊನೇ ಗಳಿಗೆಯಲ್ಲಿ ಎರಡು ಗೋಲ್ ಹೊಡೆದರಲ್ಲ, ಆ ರಾತ್ರಿ ತಗಲಿಕೊಂಡ ರೋಗ. ಇವನಿಗೆ ಅಂಟಿಸಿದ್ದೂ ನಾನೇ. ಅಕ್ಕ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಆದರೆ ನಾವು ಆಟ ನೋಡುತ್ತಿದ್ದೆವು. ಈಗಿನ ಹುಡುಗರು ಲೆಕ್ಕಪತ್ರ ನೋಡುತ್ತಾರೆ. ಇವನಿಗೆ ತನ್ನ ಪಿಎಫ್ ಖಾತೆಯಲ್ಲಿ ಎಷ್ಟಿದೆ ಗೊತ್ತಿಲ್ಲ. ಗ್ಯಾಸ್ ಬುಕ್ ಮಾಡು ಅಂದರೆ ಹೇಗೆ ಅನ್ನುತ್ತಾನೆ. ಅಮಾರ್ಟೈಸೇಷನ್ ಮಾತ್ರ ನಿದ್ದೆಯಲ್ಲೂ ಹೇಳುತ್ತಾನೆ. ಕ್ಲಬ್ಬುಗಳು ಇಷ್ಟಕ್ಕಿಂತ ಹೆಚ್ಚು ನಷ್ಟ ತೋರಿಸಬಾರದು ಅಂತ ಪಿಎಸ್‌ಆರ್ ಅನ್ನುವ ನಿಯಮ ಇತ್ತು. ಹತ್ತು ಕೋಟಿ ಕೊಟ್ಟು ಒಬ್ಬನನ್ನು ತಂದು ಐದು ವರ್ಷಕ್ಕೆ ಒಪ್ಪಂದ ಮಾಡಿಕೊಂಡರೆ, ಪುಸ್ತಕದಲ್ಲಿ ವರ್ಷಕ್ಕೆ ಎರಡೇ ಕೋಟಿ ಖರ್ಚು ಅಂತ ಬರೆಯಬಹುದು. ಹಾಗಾದರೆ ಎಂಟು ವರ್ಷಕ್ಕೆ ಮಾಡಿಕೊಂಡರೆ ಇನ್ನೂ ಅಗ್ಗ, ಅಲ್ವಾ? ಇದನ್ನು ಮೊದಲು ಜೋರಾಗಿ ಮಾಡಿದವರು ಲಂಡನ್ನಿನ ಚೆಲ್ಸಿ ಕ್ಲಬ್ಬಿನವರು. 2023ರ ಜನವರಿಯಲ್ಲಿ ಮುದ್ರಿಕ್ ಅನ್ನುವ ಆಟಗಾರನಿಗೆ ಎಂಟೂವರೆ ವರ್ಷ ಬರೆದುಕೊಟ್ಟರು. ಮನೆ ಸಾಲವೇ ವಾಸಿ. ನಿಯಮ ಮಾಡುವವರು ಎಚ್ಚೆತ್ತು ಐದೇ ವರ್ಷ ಅಂದರು. ಚೆಲ್ಸಿಯವರು ಕಂಗೆಡಲಿಲ್ಲ. ಮೈದಾನದ ಪಕ್ಕದ ಎರಡು ಹೋಟೆಲುಗಳನ್ನು ತಮ್ಮದೇ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡಿಗೆ ಮಾರಿ ಲಾಭ ತೋರಿಸಿದರು. ಆಮೇಲೆ ಹೆಂಗಸರ ತಂಡವನ್ನೂ ಹಾಗೇ ಮಾರಿದರು. ನಾನು ನನ್ನ ಸ್ಕೂಟರನ್ನು ನನ್ನ ಹೆಂಡತಿಗೆ ಮೂರು ಲಕ್ಷಕ್ಕೆ ಮಾರಿ, ಈ ವರ್ಷ ನಮ್ಮ ಸಂಸಾರ ಲಾಭದಲ್ಲಿದೆ ಅಂದರೆ ನೀವು ನಂಬುತ್ತೀರಾ? ಪ್ರೀಮಿಯರ್ ಲೀಗ್ ನಂಬಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಂಬಲಿಲ್ಲ. 2025ರ ಜುಲೈನಲ್ಲಿ 3.1 ಕೋಟಿ ಯೂರೋ ದಂಡ ಹಾಕಿತು.

ಚೆಲ್ಸಿಯವರಿಗೆ ದಂಡ ಕಟ್ಟಿ ಅಭ್ಯಾಸ ಬಿಡಿ. ಸಾಂಚೊ ಅನ್ನುವ ಆಟಗಾರನ ಕತೆ ಗೊತ್ತಲ್ಲ. ಯುನೈಟೆಡ್‌ನಿಂದ ಒಂದು ವರ್ಷ ಲೋನ್ ಮೇಲೆ ತಗೊಂಡರು. ವರ್ಷ ಮುಗಿದ ಮೇಲೆ ಖರೀದಿ ಮಾಡಲೇಬೇಕು ಅಂತ ಕರಾರು. ವರ್ಷ ಆಡಿಸಿ ನೋಡಿದ ಮೇಲೆ 50 ಲಕ್ಷ ಪೌಂಡ್ ದಂಡ ಎಣಿಸಿ, ಬೇಡ ಸ್ವಾಮಿ, ನೀವೇ ಇಟ್ಟುಕೊಳ್ಳಿ ಅಂತ ವಾಪಸ್ ಕಳಿಸಿದರು. ನಮ್ಮ ದುಡ್ಡಿನಲ್ಲಿ ಐವತ್ತು ಕೋಟಿಯ ಮೇಲಾಯಿತು. ಬೇಡ ಅನ್ನುವುದಕ್ಕೆ!

ಇವನು ಅವತ್ತು ಸ್ವೀಟ್ ಹಂಚಿದ. "ಐದು ಮಿಲಿಯನ್ ಸುಮ್ನೆ ಬಂತು ಮಾಮ! ಆಟಗಾರನೂ ನಮಗೇ!"

ಆಟಗಾರ ನಮಗೇ ಬಂದದ್ದೇ ತಾನೇ ತೊಂದರೆ? ಅವನು ಚೆಲ್ಸಿಯಲ್ಲಿದ್ದಾಗ ಸಂಬಳದಲ್ಲಿ ಅರ್ಧ ನಮ್ಮದು. 2021ರಲ್ಲಿ ಕೊಂಡಾಗಿನ ಬಾಕಿ ಕಂತು ಇನ್ನೂ 1.7 ಕೋಟಿ ಪೌಂಡ್ ಕಟ್ಟಬೇಕು ಅಂತ ಕ್ಲಬ್ಬಿನ ಪಾಲುದಾರ ಜಿಮ್ ರಾಟ್‌ಕ್ಲಿಫ್ 2025ರ ಮಾರ್ಚ್‌ನಲ್ಲಿ ಗೋಳಾಡಿದ್ದರು. ಗಾಡಿ ಓಡಿಸುವವನು ಪಕ್ಕದ ಮನೆಯವನು, ಇಎಂಐ ನಮ್ಮದು, ಪೆಟ್ರೋಲಿನಲ್ಲೂ ಅರ್ಧ ನಮ್ಮದು.

ನಮ್ಮ ತಾತ ನನ್ನನ್ನು ಎರಡು ಸಲ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದುಕೊಂಡು ಹೋಗಿದ್ದರು. ಎತ್ತು ಕೊಳ್ಳುವುದು ಅಂದರೆ ಅಲ್ಲಿ ಒಂದಿಡೀ ದಿನದ ಕೆಲಸ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸಬೇಕು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಆಮೇಲೆ ಸುಳಿ. ಎಲ್ಲೋ ಒಂದು ಕೆಟ್ಟ ಸುಳಿ ಕಂಡರೆ ಬಿಟ್ಟಿ ಕೊಟ್ಟರೂ ತಾತ ಮುಟ್ಟುತ್ತಿರಲಿಲ್ಲ. ಆಮೇಲೆ ಗೊರಸು, ಹೆಗಲು, ನಡಿಗೆ. ಎಲ್ಲ ಆದ ಮೇಲೆ ದಲ್ಲಾಳಿ ಬರುತ್ತಿದ್ದ. ಕೈ ಮೇಲೆ ಟವೆಲ್ ಮುಚ್ಚಿಕೊಂಡು, ಅದರಡಿಯಲ್ಲಿ ಬೆರಳು ಹಿಡಿದು ರೇಟು ಮಾತಾಡುವುದು. ಪಕ್ಕದಲ್ಲೇ ನಿಂತ ನನಗೂ ಎಷ್ಟಕ್ಕೆ ಕುದುರಿತು ಅಂತ ಗೊತ್ತಾಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ 'ಅನ್‌ಡಿಸ್ಕ್ಲೋಸ್ಡ್ ಫೀ' ಅನ್ನುತ್ತಾರೆ. ಅವರ ಹತ್ತಿರ ಟವೆಲ್ ಇಲ್ಲ, ಅಷ್ಟೇ. ಹಲ್ಲು ನೋಡುವುದಕ್ಕೆ ಮೆಡಿಕಲ್, ಸುಳಿ ನೋಡುವುದಕ್ಕೆ ಡೇಟಾ. ವ್ಯಾಪಾರ ಕುದುರಿದ ಕೂಡಲೇ ಫ್ಯಾಬ್ರಿಜಿಯೊ ರೊಮಾನೊ ಅನ್ನುವ ಇಟಲಿಯ ಪತ್ರಕರ್ತರು ಮೊಬೈಲಿನಲ್ಲಿ 'ಹಿಯರ್ ವಿ ಗೋ' ಅಂತ ಡಂಗುರ ಸಾರುತ್ತಾರೆ. ಘಾಟಿಯಲ್ಲಿ ಆ ಕೆಲಸಕ್ಕೆ ಎತ್ತಿನ ಮುಂದೆ ತಮಟೆ ಬಡಿಸುತ್ತಿದ್ದರು.

ತಾತ ಒಂದು ಮಾತ್ರ ಯಾವತ್ತೂ ಮರೆಯುತ್ತಿರಲಿಲ್ಲ. ಹಟ್ಟಿಯಲ್ಲಿ ಕಟ್ಟಿರುವ ಇನ್ನೊಂದು ಎತ್ತು. ಅದರ ಎತ್ತರ, ಅದರ ನಡಿಗೆ, ಅದರ ಸಿಟ್ಟು. ಜೋಡಿ ಕೂಡದಿದ್ದರೆ ಎಂಥ ಹಳ್ಳಿಕಾರ್ ಆದರೂ ಮುಂದಕ್ಕೆ ನಡೆಯುತ್ತಿದ್ದರು.

ಯುನೈಟೆಡ್‌ನಲ್ಲಿ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. 2021ರಲ್ಲಿ ಕೋಚ್ ಸೋಲ್‌ಶೇರ್ 7.3 ಕೋಟಿ ಪೌಂಡಿಗೆ ಸಾಂಚೊನನ್ನು ತಂದರು. ಅದೇ ವರ್ಷ ನವೆಂಬರ್‌ನಲ್ಲಿ ಸೋಲ್‌ಶೇರ್ ಅವರನ್ನೇ ಮನೆಗೆ ಕಳಿಸಿದರು. ಆಮೇಲೆ ಬಂದ ಟೆನ್ ಹಾಗ್‌ಗೂ ಸಾಂಚೊಗೂ ಆಗಲಿಲ್ಲ. ಟೆನ್ ಹಾಗ್ ತಮ್ಮ ಹಳೇ ಕ್ಲಬ್ ಅಯಾಕ್ಸ್‌ನಿಂದ ತಮ್ಮ ಶಿಷ್ಯ ಆಂಟನಿಯನ್ನು 9.5 ಕೋಟಿ ಯೂರೋ ಕೊಟ್ಟು ತರಿಸಿದರು. ಆ ಹುಡುಗ ಚೆಂಡಿನ ಸುತ್ತ ಗಿರಗಿಟ್ಲೆ ತಿರುಗಿದ. ಟೆನ್ ಹಾಗ್ ಹೋದರು. ಅಮೋರಿಮ್ ಬಂದರು. ಅವರ ಆಟದಲ್ಲಿ ಸಾಂಚೊ, ಆಂಟನಿಯಂಥ ವಿಂಗರ್‌ಗಳಿಗೆ, ಅಂದರೆ ಮೈದಾನದ ಅಂಚಿನಲ್ಲಿ ಓಡುವವರಿಗೆ, ಜಾಗವೇ ಇರಲಿಲ್ಲ. ಆಂಟನಿ 2025ರಲ್ಲಿ 2.2 ಕೋಟಿ ಯೂರೋಗೆ ಸ್ಪೇನಿನ ಬೆಟಿಸ್ ಪಾಲಾದ. ಇವೆಲ್ಲಕ್ಕೂ ಮೇಲಿನದ್ದು ಪೊಗ್ಬಾ. 2012ರಲ್ಲಿ ಪುಕ್ಕಟೆ ಬಿಟ್ಟರು. 2016ರಲ್ಲಿ 8.9 ಕೋಟಿ ಪೌಂಡ್ ಕೊಟ್ಟು ವಾಪಸ್ ಕೊಂಡರು. 2022ರಲ್ಲಿ ಮತ್ತೆ ಪುಕ್ಕಟೆ ಬಿಟ್ಟರು. ನಮ್ಮ ಬೀದಿಯ ಹಳೇ ಪೇಪರ್ ಅಂಗಡಿಯವನೂ ಇಂಥ ವ್ಯಾಪಾರ ಮಾಡುವುದಿಲ್ಲ. ಅವನಿಗೆ ಕನಿಷ್ಠ ತಕ್ಕಡಿ ಇದೆ.

ಇದನ್ನೆಲ್ಲ ಸರಿ ಮಾಡುತ್ತೇವೆ ಅಂತಲೇ ರಾಟ್‌ಕ್ಲಿಫ್ ಕಡೆಯವರು ಬಂದದ್ದು. ಒಳ್ಳೇ ಎತ್ತು ಆರಿಸುವುದಕ್ಕೆ ಮೊದಲು ಒಳ್ಳೇ ದಲ್ಲಾಳಿ ಬೇಕು, ಸರಿ. ನ್ಯೂಕಾಸಲ್‌ನಿಂದ ಡ್ಯಾನ್ ಆಶ್‌ವರ್ತ್ ಅನ್ನುವವರನ್ನು ಕರೆದರು. ಅವರು ಬರುವುದಕ್ಕೆ ಗಾರ್ಡನಿಂಗ್ ಲೀವ್ ಅಡ್ಡಿ. ಹಾಗಂದರೆ ಕೆಲಸ ಬಿಟ್ಟವರು ಹೊಸ ಕಡೆ ಸೇರುವ ಮೊದಲು ತಿಂಗಳುಗಟ್ಟಲೆ ಸಂಬಳ ತಗೊಂಡು ಮನೆಯಲ್ಲಿ ಗಿಡಕ್ಕೆ ನೀರು ಹಾಕುತ್ತಾ ಇರಬೇಕು. ನಮ್ಮ ಸರ್ಕಾರದಲ್ಲಿ ಐಎಎಸ್ ಅಧಿಕಾರಿಗಳನ್ನು 'ಸ್ಥಳ ತೋರಿಸದೆ' ವರ್ಗ ಮಾಡುತ್ತಾರಲ್ಲ, ಅದರ ವಿಲಾಯಿತಿ ತಮ್ಮ. ಸಾಹೇಬರು ತೋಟದ ಕೆಲಸ ಮುಗಿಸಿ 2024ರ ಜುಲೈ 1ಕ್ಕೆ ಬಂದರು. ಡಿಸೆಂಬರ್‌ನಲ್ಲಿ ಹೊರಟರು. ತೋಟದಲ್ಲಿ ಎಷ್ಟು ತಿಂಗಳಿದ್ದರೋ ಆಫೀಸಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅವರನ್ನು ಕಳಿಸಿದ ಖರ್ಚು 41 ಲಕ್ಷ ಪೌಂಡ್ ಅಂತ ಕ್ಲಬ್ಬಿನ ಲೆಕ್ಕದಲ್ಲೇ ಇದೆ. ಟೆನ್ ಹಾಗ್ ಮತ್ತು ಅವರ ಬಳಗವನ್ನು ಕಳಿಸಿದ ಖರ್ಚು 1.04 ಕೋಟಿ ಪೌಂಡ್. ಅದೇ ಟೆನ್ ಹಾಗ್‌ಗೆ ಜುಲೈನಲ್ಲಿ ಒಪ್ಪಂದ ವಿಸ್ತರಿಸಿ, ಅಕ್ಟೋಬರ್ 28ಕ್ಕೆ ತೆಗೆದಿದ್ದರು.

ಹಾಗಾದರೆ ದುಡ್ಡು ಎಲ್ಲಿ ಉಳಿಸಬೇಕು? ಊಟದಲ್ಲಿ.

2024ರಲ್ಲಿ 250 ಜನರ ಕೆಲಸ ಹೋಯಿತು. 2025ರ ಫೆಬ್ರವರಿಯಲ್ಲಿ ಇನ್ನೂ 200 ಜನರವರೆಗೆ ಅಂದರು. ಉಳಿದವರಿಗೆ ಮಧ್ಯಾಹ್ನ ಕೊಡುತ್ತಿದ್ದ ಊಟ ನಿಲ್ಲಿಸಿದರು. ಸ್ಟೇಡಿಯಂ ಸಿಬ್ಬಂದಿಗೆ ಹಣ್ಣು ಇಟ್ಟರಂತೆ. ಬಾಳೆಹಣ್ಣು ತಿಂದು ಸಂಜೆವರೆಗೆ ಇರಿ ಅಂತ.

ಇದನ್ನು ಹೇಳಿದರೆ ಇವನು, "ಬೇಜಾರಿನ ವಿಷಯ ಮಾಮ, ಆದರೆ ಪಿಎಸ್‌ಆರ್ ಇದೆ, ಕಾಸ್ಟ್ ಕಟಿಂಗ್ ಮಾಡಲೇಬೇಕು" ಅಂದ.

ನನಗೆ ನಿಜಕ್ಕೂ ರೇಗಿತು. ಯಾರು ಹೇಳಿದ್ದೋ ಮಾಡಲೇಬೇಕು ಅಂತ? ಆಂಟನಿಯನ್ನು ಕೊಂಡದ್ದು ಆ ಅಡುಗೆಯವಳಾ? ಸಾಂಚೊಗೆ ಸಂಬಳ ಗೊತ್ತು ಮಾಡಿದ್ದು ಟಿಕೆಟ್ ಹರಿಯುವವನಾ? ತಪ್ಪು ಆಯ್ಕೆ ಮಾಡಿದವರು ಒಬ್ಬೊಬ್ಬರೂ ಪರಿಹಾರದ ಚೆಕ್ ಹಿಡಿದುಕೊಂಡು ಹೋದರು. ಯಾವ ಆಯ್ಕೆಯನ್ನೂ ಮಾಡದವರ ತಟ್ಟೆಯಿಂದ ಅದನ್ನು ವಸೂಲಿ ಮಾಡಿದರು. ಮಾಡಿ, 2025ರ ಬೇಸಿಗೆಯಲ್ಲಿ ಮತ್ತೆ ಆಟಗಾರರಿಗೆ 20 ಕೋಟಿ ಪೌಂಡಿನ ಮೇಲೆ ಸುರಿದರು. ನೀನು ಇಲ್ಲಿ ಗಿರಿನಗರದಲ್ಲಿ ಕೂತು ಅದಕ್ಕೆ ಕಾಸ್ಟ್ ಕಟಿಂಗ್ ಅನ್ನುತ್ತೀಯ. ನಿನ್ನ ಆಫೀಸಿನಲ್ಲಿ ಲೇ ಆಫ್ ಅಂದಾಗ ವಾರ ನಿದ್ದೆ ಮಾಡಿರಲಿಲ್ಲವಲ್ಲೋ.

ಅವನು ಮಾತಾಡಲಿಲ್ಲ. ನನಗೂ ಸಾಕಾಗಿತ್ತು.

ಇನ್ನೊಂದು ಲೆಕ್ಕ ಈ ಹುಡುಗರ ಚರ್ಚೆಯಲ್ಲಿ ಬರುವುದೇ ಅಪರೂಪ. 2005ರಲ್ಲಿ ಗ್ಲೇಜರ್ ಮನೆತನ ಸುಮಾರು 79 ಕೋಟಿ ಪೌಂಡಿಗೆ ಈ ಕ್ಲಬ್ ಕೊಂಡಿತು. ಅದರಲ್ಲಿ ಬಹುಪಾಲು ಸಾಲ, ಆ ಸಾಲವನ್ನು ಹೊರಿಸಿದ್ದು ಕ್ಲಬ್ಬಿನ ತಲೆಗೇ. ಅವತ್ತಿನಿಂದ ಬಡ್ಡಿ ಹೋಗುತ್ತಲೇ ಇದೆ. ಕೋಚ್ ಫರ್ಗ್ಯುಸನ್ ಇರುವವರೆಗೆ ಕಪ್ ಬರುತ್ತಿತ್ತು, ಯಾರಿಗೂ ನೋವು ಕಾಣಲಿಲ್ಲ. ಅವರು 2013ರಲ್ಲಿ ನಿವೃತ್ತಿಯಾದ ಮೇಲೆ ಹನ್ನೆರಡು ವರ್ಷ ಪ್ರೀಮಿಯರ್ ಲೀಗ್ ಪಟ್ಟ ಆ ಕಡೆ ತಲೆ ಹಾಕಲಿಲ್ಲ. 2024-25ರಲ್ಲಿ 15ನೇ ಸ್ಥಾನ. ಮ್ಯಾಂಚೆಸ್ಟರ್‌ನ ಜನ ಹಿಂದೆಯೇ, ನಮ್ಮ ರೈತಸಂಘದವರ ಹಾಗೆ, ಹಸಿರು-ಹಳದಿ ಶಾಲು ಹಾಕಿಕೊಂಡು ಮಾಲೀಕರ ವಿರುದ್ಧ ಕೂಗಿದ್ದರು. ಅವರಿಗೆ ಟ್ರಾನ್ಸ್‌ಫರ್ ಆಮೇಲಿನ ಮಾತು. ನಾವು ಇಲ್ಲಿ ದೂರದಲ್ಲಿರುವವರು ಎಡಗಡೆ ಬ್ಯಾಕ್ ಯಾರು ಬೇಕು ಅಂತ ಬೆಳಗಿನ ಜಾವದವರೆಗೆ ಜಗಳ ಆಡುತ್ತೇವೆ.

ಸೆಪ್ಟೆಂಬರ್ 1ರ ರಾತ್ರಿಯೂ ಹಾಗೇ. ಹನ್ನೊಂದೂವರೆಗೆ ಆಟಗಾರರನ್ನು ಕೊಳ್ಳುವ, ಮಾರುವ ವಿಂಡೋ ಮುಚ್ಚುತ್ತದೆ ಅಂತ ಇವನು ಊಟ ಬಿಟ್ಟು ಕೂತಿದ್ದ. ಆಂಟ್‌ವರ್ಪ್‌ನಿಂದ ಲ್ಯಾಮೆನ್ಸ್ ಅನ್ನುವ ಗೋಲ್‌ಕೀಪರ್ ಬಂದ. ಸಾಂಚೊ ಮತ್ತೆ ಲೋನ್ ಮೇಲೆ ಆಸ್ಟನ್ ವಿಲ್ಲಾಗೆ ಹೋದ. ಗ್ರಿಮ್ಸ್‌ಬಿಯವರ ಹಾಗೆ ಒಂದು ನಿಮಿಷ ತಡವಾಗಲಿಲ್ಲ. ಎಲ್ಲ ಟೈಮಿಗೆ ಸರಿಯಾಗಿ.

ಗ್ರಿಮ್ಸ್‌ಬಿ ದಂಡದ ಮಾತು ಅಲ್ಲಿಗೆ ನಿಂತಿತ್ತು. ಅಕ್ಕ ಕಾಫಿ ತಂದಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಇವನು ಫೋನಿನಿಂದ ಮುಖ ಎತ್ತಿ ಮೆಲ್ಲಗೆ, "ಮಾಮ, ಜನವರಿಗೆ ಒಬ್ಬ ಮಿಡ್‌ಫೀಲ್ಡರ್ ನೋಡ್ತಿದ್ದಾರಂತೆ" ಅಂದ.

ಬೇಡ ಬೇಡ ಅಂದುಕೊಂಡೇ ಬಾಯಿಂದ ಬಂದುಬಿಟ್ಟಿತು. "ಎಷ್ಟು ಹಲ್ಲಂತೆ?"