ಎಷ್ಟು ಪೌಂಡು ಕಾಕಾ, ಎಷ್ಟು ಇಂಚಿಗೆ?

ನಿನ್ನೆ ಸಾಯಂಕಾಲ ಪುಣೆಯ ಕೋಥ್ರೂಡ್ ಕಡೆ ಒಂದು ಮೈದಾನದಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ಇತ್ತು. ನಾನು ಹೋಗಿದ್ದು ಕೌದಿ ನೋಡಲು. ವಾಪಸ್ ಬಂದಿದ್ದು ತಲೆ ಕೆಡಿಸಿಕೊಂಡು. ರಾತ್ರಿ ಮನೆಯವರ ಹತ್ತಿರ ಎರಡು ಸಲ ಹೇಳಿದೆ. ಮೂರನೇ ಸಲ ಶುರು ಮಾಡುವಷ್ಟರಲ್ಲಿ ಅವರು ಗೊರಕೆ ಹೊಡೆದರು. ಈಗ ನಿಮ್ಮ ಪಾಳಿ.

ಮೂಲೆಯ ಮಳಿಗೆಯಲ್ಲಿ ಬಿಲ್ಲುಗಳ ಸಾಲು. ಹಿಂದೆ ಕೆಂಪು ಬಟ್ಟೆ, ಮೇಲೆ ರೆಕ್ಸಿನ್ನಿನ ಹುಲಿ ಚರ್ಮ, ಮರಾಠಿಯಲ್ಲಿ ದೊಡ್ಡ ಬ್ಯಾನರ್. ಪರಂಪರೆಯ, ಕೈಯಿಂದಲೇ ಮಾಡಿದ ಬಿಲ್ಲು ಅಂತ. ಒಂದೊಂದೂ ಮದುವೆ ಹಾಲ್‌ನ ಕುರ್ಚಿಯ ಹಾಗೆ ಪಾಲಿಶ್ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಎಲ್ಲದಕ್ಕೂ ಹೆದೆ ಏರಿಸಿಯೇ ನೇತು ಹಾಕಿದ್ದರು. ಮರದ ಬಿಲ್ಲನ್ನು ಹಾಗೆ ಇಡೀ ದಿನ ಬಗ್ಗಿಸಿ ಇಟ್ಟರೆ ಅದು ಆ ಬಾಗುವಿಕೆಯನ್ನೇ ಕಲಿತುಬಿಡುತ್ತದೆ, ಆಮೇಲೆ ಕಸುವು ಇಳಿಯುತ್ತದೆ. ಅಲ್ಲೇ ನನಗೆ ಅರ್ಧ ಸಿಟ್ಟು ಬಂದಿತ್ತು.

ಆದರೂ ಬಿಲ್ಲು ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ನಿಮಗೆ ಗೊತ್ತಲ್ಲ, ಮಗಳನ್ನು ಬಿಲ್ವಿದ್ಯೆ ಕ್ಲಾಸಿಗೆ ಬಿಡಲು ಹೋದವಳು ನಾನು. ಅವಳು ಮೂರು ತಿಂಗಳಿಗೆ ಬಿಟ್ಟಳು, ನಾನು ನಲವತ್ತೊಂದನೇ ವಯಸ್ಸಿಗೆ ಹಿಡಿದುಕೊಂಡೆ.

"ಕಿತೀ ಪೌಂಡ್, ಕಾಕಾ?" ಅಂತ ಕೇಳಿದೆ.

"ಮೀಡಿಯಂ ಆಹೆ."

ಮೀಡಿಯಂ! ಚಹಾದ ಸಕ್ಕರೆಯಾ ಅಥವಾ ಅಂಗಿ ಸೈಜಾ?

ಸರಿ, ಎಷ್ಟು ಇಂಚು ಎಳೆದರೆ ಮೀಡಿಯಂ ಅಂತ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮ್ಯಾಡಮ್, ಲೇಡೀಸ್ ಪೀಸ್ ತಿಕಡೆ ಆಹೆ" ಅಂದರು. ತಿರುಗಿ ನೋಡಿದರೆ ಹಿಡಿಗೆ ಗುಲಾಬಿ ಉಲ್ಲನ್ ಸುತ್ತಿದ ನಾಲ್ಕು ಗಿಡ್ಡ ಬಿಲ್ಲು. ಈ ವಿಷಯಕ್ಕೆ ಬೇರೆ ಪೋಸ್ಟ್ ಬರೆಯುತ್ತೇನೆ. ಇವತ್ತು ಬಿಪಿ ಒಂದೇ ವಿಷಯಕ್ಕೆ ಮೀಸಲು.

ಗೊತ್ತಿಲ್ಲದವರಿಗೆ ಒಂದು ಮಾತು. ಬಿಲ್ಲಿಗೆ ಎರಡು ಅಂಕಿ ಬೇಕು. ಹೆದೆ ಎಳೆದು ಹಿಡಿದಾಗ ಬೆರಳಿನ ಮೇಲೆ ಎಷ್ಟು ಪೌಂಡು ಭಾರ ಬೀಳುತ್ತದೆ ಅನ್ನುವುದು ಒಂದು. ಎಷ್ಟು ಇಂಚು ಎಳೆದಾಗ ಅನ್ನುವುದು ಇನ್ನೊಂದು. ಸಾಮಾನ್ಯವಾಗಿ 28 ಇಂಚಿಗೆ ಲೆಕ್ಕ ಹಾಕಿ ಬರೆಯುತ್ತಾರೆ. ಆದರೆ ಎಲ್ಲರ ಕೈಯೂ 28 ಇಂಚು ಎಳೆಯುವುದಿಲ್ಲ. ಎರಡೂ ಕೈ ಚಾಚಿ ನಿಂತರೆ ನನ್ನ ಅಳತೆ 62 ಇಂಚು. ಅದನ್ನು ಎರಡೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ 25. ನನ್ನ ಎಳೆತ ಅಷ್ಟೇ. ಒಂದು ಇಂಚು ಕಡಿಮೆ ಎಳೆದರೆ ಎರಡು ಮೂರು ಪೌಂಡು ಕಡಿಮೆ ಆಗುತ್ತದೆ. ಅಂದರೆ 28 ಇಂಚಿಗೆ 40 ಪೌಂಡಿನ ಬಿಲ್ಲು ನನ್ನ ಕೈಯಲ್ಲಿ ಸುಮಾರು 32ರದ್ದು. ಬರೀ ಪೌಂಡು ಹೇಳಿ ಇಂಚು ಹೇಳದಿದ್ದರೆ, ಬಸ್ ಎಷ್ಟಕ್ಕೆ ಅಂದರೆ ಆರಕ್ಕೆ ಅಂದಂತೆ. ಬೆಳಿಗ್ಗೆಯೋ ಸಾಯಂಕಾಲವೋ ಸ್ಟ್ಯಾಂಡಿನಲ್ಲಿ ಕೂತು ನೋಡಿಕೊಳ್ಳಿ. ಇಲ್ಲಿ ಆರಕ್ಕೆ ಅನ್ನುವುದೂ ಇರಲಿಲ್ಲ. ಮೀಡಿಯಂ ಬಸ್!

ಸುಮ್ನೆ ಬಂದುಬಿಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಅಪ್ಪ, ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಬಂದರು. ಸಾತಾರಾ ಕಡೆಯವರಂತೆ. ಅಲ್ಲಿಯ ಹುಡುಗಿ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವಳಿಗೆ ಹದಿನೇಳು ವರ್ಷ. ಆವತ್ತಿನಿಂದ ಈ ಹುಡುಗ ಬಿಲ್ಲು ಬಿಲ್ಲು ಅಂತ ಹಟ ಹಿಡಿದಿದ್ದಾನೆ ಅಂದರು. ಕೇಳಿ ಖುಷಿಯಾಯಿತು. ಅವಳದು ಚಕ್ರಗಳಿರುವ ಕಂಪೌಂಡ್ ಬಿಲ್ಲು, ಈ ಮರದ ಬಿಲ್ಲಿಗೂ ಅದಕ್ಕೂ ಸೈಕಲ್ಲಿಗೂ ಬುಲೆಟ್ಟಿಗೂ ಇರುವಷ್ಟು ದೂರ ಅಂತ ಹೇಳಲು ಬಾಯಿ ಬರಲಿಲ್ಲ.

ಮಳಿಗೆಯವರು ಒಂದು ಬಿಲ್ಲು ಇಳಿಸಿ ಕೊಟ್ಟರು. ಹುಡುಗ ಎಳೆದ. ಎಡಗೈ ಗಡಗಡ ನಡುಗುತ್ತಿದೆ, ನೀರಿನ ಕೊಡ ಎತ್ತಿದವರ ಹಾಗೆ ಸೊಂಟ ಒಂದು ಕಡೆ ವಾಲಿದೆ, ಭುಜ ಕಿವಿಗೆ ತಾಗಿದೆ. ಹೆದೆ ಗಲ್ಲದ ತನಕ ಬರಲೇ ಇಲ್ಲ. "ಎಷ್ಟು ಪೌಂಡು?" ಅಂತ ನಾನೇ ಮತ್ತೆ ಕೇಳಿದೆ. ಈಗ ಅಂಕಿ ಬಂತು. "ತೀಸ್." ಮೂವತ್ತಂತೆ.

ನನ್ನ ಬ್ಯಾಗಿನಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದೆ. ಹೌದು, ಯಾವಾಗಲೂ ಇರುತ್ತದೆ. ನಗಬೇಡಿ. ಹುಡುಗನ ಕೈ ಚಾಚಿಸಿ ಅಳೆದೆ, 60 ಇಂಚು. ಅಂದರೆ ಎಳೆತ 24. ಟೇಪಿನ ಒಂದು ತುದಿ ಬಿಲ್ಲಿನ ಹಿಡಿಗೆ ಒತ್ತಿಟ್ಟುಕೊಂಡು ಅಪ್ಪ ಬಿಲ್ಲು ಹಿಡಿದರು. ನಾನು ಹೆದೆಗೆ ಕೊಕ್ಕೆ ಹಾಕಿ ಎಳೆದೆ. 24 ಇಂಚಿಗೆ ಬಂದಾಗ ತಕ್ಕಡಿ ತೋರಿಸಿದ್ದು 19 ಕಿಲೋ ಚಿಲ್ಲರೆ. 42 ಪೌಂಡು! ನನ್ನ ಕೋಚ್ ನನಗೆ ಮೊದಲು ಕೊಟ್ಟಿದ್ದು 18 ಪೌಂಡಿನದ್ದು. ಅದರಲ್ಲೇ ನನ್ನ ಬೆನ್ನು ಒಂದು ವಾರ ಮಾತಾಡಿತ್ತು. ಆ ಮಗುವಿಗೆ ಇದನ್ನು ಕೊಟ್ಟರೆ ಬಿಲ್ವಿದ್ಯೆ ಬರುವುದಿಲ್ಲ, ಭುಜದ ನೋವು ಬರುತ್ತದೆ.

ಮಳಿಗೆಯವರಿಗೆ ಬೇಸರ ಆಯಿತು, ನಾಚಿಕೆ ಅಲ್ಲ. ಕೈ ಎತ್ತಿ ಅಂದರು: "ಹೇ ಹ್ಯಾಂಡ್‌ಮೇಡ್ ಆಹೆ ಮ್ಯಾಡಮ್. ಮಶೀನ್‌ಚ ನಾಹೀ."

ಇದೇ. ಈ ಮಾತೇ ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಕೈಯಿಂದ ಮಾಡಿದ್ದು, ಅದಕ್ಕೇ ಅಂಕಿ ಇಲ್ಲ ಅಂತೆ. ಅಯ್ಯಾ, ಕೈಯಿಂದ ಮಾಡಿದ್ದಕ್ಕೇ ಅಲ್ವಾ ಅಂಕಿ ಬೇಕಾಗಿರುವುದು? ಮಶೀನಿನಿಂದ ಬಂದಿದ್ದಾದರೆ ಸಾವಿರ ಪೀಸೂ ಒಂದೇ ತರ, ಒಂದನ್ನು ತೂಗಿದರೆ ಸಾಕು. ಕೈಯಿಂದ ಮಾಡಿದ್ದು ಒಂದೊಂದೂ ಬೇರೆ. ಒಂದೇ ಬಿದಿರಿನ ಗಳ ಸೀಳಿ ಎರಡು ಬಿಲ್ಲು ಮಾಡಿದರೂ ಅವು ಅಣ್ಣ ತಮ್ಮಂದಿರ ಹಾಗೆ. ರೂಪ ಒಂದೇ, ಗುಣ ಬೇರೆ. ಅದಕ್ಕೇ ಪ್ರತಿಯೊಂದನ್ನೂ ತೂಗಬೇಕು. ಪ್ರತಿಯೊಂದರ ಮೇಲೂ ಬರೆಯಬೇಕು.

ಅದೂ ಅಲ್ಲದೆ, ನಿಜವಾಗಿ ಮಾಡಿದವನಿಗೆ ಬಿಲ್ಲಿನ ಅಳತೆ ಗೊತ್ತಿಲ್ಲದೆ ಇರುತ್ತದೆಯೇ? ಮರದ ಬಿಲ್ಲು ಮಾಡುವುದು ಅಂದರೆ ಮುಕ್ಕಾಲು ಪಾಲು ಹೆರೆಯುವ ಕೆಲಸ. ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ, ರಾಟೆಯಲ್ಲಿ ಸ್ವಲ್ಪ ಸ್ವಲ್ಪ ಎಳೆಯುತ್ತಾ ದೂರ ನಿಂತು ನೋಡುತ್ತಾರೆ. ಮೇಲಿನ ತೋಳು ಕೆಳಗಿನ ತೋಳು ಸಮ ಬಾಗುತ್ತಿವೆಯಾ, ಎಲ್ಲಿ ಬಿಗಿ ಇದೆ. ಬಿಗಿ ಇರುವಲ್ಲಿ ಹೊಟ್ಟೆಯ ಕಡೆ, ಅಂದರೆ ಬಿಲ್ಲುಗಾರನ ಮುಖದ ಕಡೆ, ನಾಲ್ಕು ಸಲ ಹೆರೆದು ಮತ್ತೆ ಎಳೆದು ನೋಡುವುದು. ಬೆನ್ನಿನ ಕಡೆ ಕೈ ಹಚ್ಚುವುದಿಲ್ಲ, ಏಕೆಂದರೆ ಎಳೆದಾಗ ಹಿಗ್ಗುವುದು ಅದು. ಅಲ್ಲಿ ಒಂದು ನಾರು ಕಡಿದರೂ ಕಥೆ ಮುಗಿಯಿತು. ಹೀಗೆ ದಿನಗಟ್ಟಲೆ ಎಳೆದು ಬಿಟ್ಟು ಮಾಡಿದವನು ಮೀಡಿಯಂ ಅನ್ನುವುದಿಲ್ಲ. ಅನ್ನುವವನು ಎಲ್ಲಿಂದಲೋ ಗಂಟು ಕಟ್ಟಿಸಿಕೊಂಡು ತಂದವನು.

ಒಂದು ಬಿಲ್ಲನ್ನು ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಪಾಲಿಶ್ ಕೆಳಗೆ ಮರದ ಗೆರೆಗಳು ತುದಿಯ ತನಕ ಓಡುವ ಬದಲು ನಡುದಾರಿಯಲ್ಲೇ ಅಂಚಿಗೆ ಹೋಗಿ ಬಿದ್ದಿದ್ದವು. ಸೀಳು ಏಳುವುದೇ ಅಂಥಲ್ಲಿ. ಮರ ಯಾವುದು ಅಂತ ಕೇಳಿದೆ. "ಜಂಗಲೀ ಲಾಕೂಡ್." ಕಾಡಿನ ಮರವಂತೆ. ಪಾಪ, ನಾನೂ ಸಮುದ್ರದ ಮರ ಅಂದುಕೊಂಡಿದ್ದೆ.

ಇದೇ ಪುಣೆಯಲ್ಲಿ ಬುರೂಡ್ ಆಳಿ ಅನ್ನುವ ಓಣಿ ಇದೆ, ನೋಡಿರುತ್ತೀರಿ. ನಮ್ಮ ಕಡೆ ಮೇದಾರರು ಅನ್ನುತ್ತೇವಲ್ಲ, ಅದೇ ಬಿದಿರಿನ ಕಸುಬು. ಎರಡು ವರ್ಷದ ಹಿಂದೆ ಬಿಲ್ಲಿಗೆ ಬಿದಿರು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೆ. ಬುಟ್ಟಿ ಹೆಣೆಯುತ್ತಿದ್ದ ಅಜ್ಜಿ ಮೊದಲು ನಕ್ಕರು. ಆಮೇಲೆ ಎದ್ದು ಬಂದು ಗಳಗಳನ್ನು ಒಂದೊಂದೇ ಬೆರಳಿನಿಂದ ತಟ್ಟಿ ಕೇಳಿ, ಇದು ಮಳೆಗಾಲದಲ್ಲಿ ಕಡಿದದ್ದು, ಹುಳ ಬೀಳುತ್ತದೆ, ಬೇಡ. ಇದು ಚಳಿಗಾಲದ್ದು, ತಗೋ ಅಂದರು. ಬಿಲ್ಲು ಮಾರುವವರಲ್ಲ ಅವರು. ಜೀವನದಲ್ಲಿ ಒಂದು ಬಾಣ ಬಿಟ್ಟಿಲ್ಲ. ಆದರೆ ತನ್ನ ಸಾಮಾನು ಏನು ಅಂತ ಗೊತ್ತಿತ್ತು.

ಈಗ ಕಮೆಂಟಿನಲ್ಲಿ ಯಾರಾದರೂ ಬರೆದೇ ಬರೆಯುತ್ತೀರಿ. ಏಕಲವ್ಯ ತಕ್ಕಡಿ ಇಟ್ಟುಕೊಂಡಿದ್ದನಾ ಮೇಡಂ? ರಾಜಸ್ಥಾನದ ಬಿಲ್ಲುಗಾರ ಲಿಂಬಾ ರಾಮ್ ಬಿದಿರಿನ ಬಿಲ್ಲು ಹಿಡಿದೇ ಬೆಳೆದವರಲ್ಲವೇ, ಅದರ ಮೇಲೆ ಪೌಂಡು ಬರೆದಿತ್ತಾ? ಇರಲಿಕ್ಕಿಲ್ಲ, ಒಪ್ಪಿದೆ. ನಮ್ಮ ವೀರಗಲ್ಲುಗಳಲ್ಲಿ ನಿಂತಿರುವ ಬಿಲ್ಲಾಳುಗಳೂ ಇಂಚು ಪಟ್ಟಿ ಹಿಡಿದಿಲ್ಲ. ಆದರೆ ಅಲ್ಲಿ ಬಿಲ್ಲು ಮಾಡುವುದು ಅಪ್ಪ, ಮಾವ, ಇಲ್ಲ ಪಕ್ಕದ ಮನೆಯವನು. ಹುಡುಗ ಕಣ್ಣೆದುರಿಗೇ ಇರುತ್ತಾನೆ. ಅವನ ಕೈ ಎಷ್ಟುದ್ದ, ಹೋದ ವರ್ಷದಿಂದ ಎಷ್ಟು ಬೆಳೆದ, ಎಲ್ಲ ಗೊತ್ತು. ಭಾರ ಆಯಿತು ಅಂದರೆ ಅಲ್ಲೇ ಕೂತು ಇನ್ನೊಂದಿಷ್ಟು ಹೆರೆದು ಕೊಡುತ್ತಾನೆ. ಕಾಕಾ, ನೀವು ನನಗೆ ಯಾರು? ಸೋಮವಾರ ಮಳಿಗೆ ಎತ್ತಿಕೊಂಡು ನಾಸಿಕ್‌ಗೆ ಹೋಗುವವರು. ನಿಮಗೆ ನನ್ನ ಪರಿಚಯ ಇಲ್ಲವಲ್ಲ, ಅದಕ್ಕೇ ಅಂಕಿ ಕೇಳುತ್ತಿರುವುದು.

ಹಳೆಯದಕ್ಕೆ ಅಳತೆ ಸಿಗುವುದಿಲ್ಲ ಅನ್ನುವವರಿಗೆ ಇನ್ನೊಂದು. ಇಂಗ್ಲೆಂಡಿನ ಮೇರಿ ರೋಸ್ ಅನ್ನುವ ಯುದ್ಧದ ಹಡಗು 1545ರಲ್ಲಿ ಮುಳುಗಿತು. 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ಇಡಿಯಾದ ಉದ್ದ ಬಿಲ್ಲುಗಳೇ 137. ಎಲ್ಲ ಯೂ ಅನ್ನುವ ಮರದವು. ಅವುಗಳ ಅಳತೆ ನೋಡಿ, ಅಂಥವೇ ಮಾಡಿಸಿ, ಇವು 100ರಿಂದ 185 ಪೌಂಡಿನವು ಅಂತ ಅಂದಾಜು ಕಟ್ಟಿದರು. ನಾನೂರು ಚಿಲ್ಲರೆ ವರ್ಷ ಸಮುದ್ರದ ಕೆಸರಿನಲ್ಲಿ ಬಿದ್ದಿದ್ದ ಬಿಲ್ಲಿಗೆ ಅಂಕಿ ಸಿಗುತ್ತದೆ. ಹೋದ ತಿಂಗಳು ಪಾಲಿಶ್ ಬಳಿದಿದ್ದಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಹೇಳದಿದ್ದರೆ ನನಗೇ ತಿಂದ ಅನ್ನ ಅರಗುವುದಿಲ್ಲ.

ಹೋದ ದೀಪಾವಳಿಯಲ್ಲಿ ಮುರಿದ ಬಿಲ್ಲಿನ ಫೋಟೋ ಹಾಕಿದ್ದೆ, ನೆನಪಿದೆಯಾ? ಆರೂವರೆ ಸಾವಿರ ನೀರಿಗೆ ಹೋಯಿತು, ಇಂಥವರನ್ನು ನಂಬಬೇಡಿ ಅಂತ ಬರೆದಿದ್ದೆ. ಹೆಸರು ಹಾಕಿರಲಿಲ್ಲ, ಅಷ್ಟಾದರೂ ಬುದ್ಧಿ ಇತ್ತು. ನೀವೆಲ್ಲ ಪಾಪ ಅಂತ ಕಣ್ಣೀರಿನ ಇಮೋಜಿ ಹಾಕಿದಿರಿ. ನಾನು ಬರೆಯದೆ ಬಿಟ್ಟಿದ್ದು ಇದು. ಆ ಬಿಲ್ಲಿನ ಜೊತೆ ಒಂದು ಚೀಟಿ ಬಂದಿತ್ತು. ಮಾಡಿದವರ ಕೈಬರಹ. 25 ಇಂಚಿಗೆ 32 ಪೌಂಡು, 27ಕ್ಕಿಂತ ಜಾಸ್ತಿ ಎಳೆಯಬೇಡಿ, ಆಡಿದ ಮೇಲೆ ಹೆದೆ ಇಳಿಸಿ, ಬಾಣ ಇಲ್ಲದೆ ಹೆದೆ ಬಿಡಬೇಡಿ. ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದೆ. ಆಮೇಲೆ ಅದರ ಮೇಲೆ ಹಾಲಿನ ಲೆಕ್ಕದ ಚೀಟಿ ಬಂತು.

ದೀಪಾವಳಿಗೆ ಧಾರವಾಡದಿಂದ ಅಣ್ಣನ ಮಗ ಬಂದ. ಆರಡಿ ಎರಡಿಂಚು. ಕೈಗಳೋ, ಆಲದ ಬಿಳಲು. "ಅತ್ತೆ, ಒಂದ್ಸಲ" ಅಂದ. ನಾನು ಅಡುಗೆ ಮನೆಯಿಂದ ಹ್ಞೂಂ ಅಂದೆ. ಎಳೆದ, ಕಿವಿಯನ್ನೂ ದಾಟಿಸಿ ಎಳೆದ. ಟಪ್ ಅಂತ ಸದ್ದು. ಚಕ್ಕುಲಿ ಒರಳು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದೆ. ಬಿಲ್ಲಿನ ಮೇಲಿನ ತೋಳು ಟೀವಿ ಸ್ಟ್ಯಾಂಡ್ ಕೆಳಗಿತ್ತು. ಹುಡುಗನಿಗೆ ಏನೂ ಆಗಲಿಲ್ಲ, ಅದು ದೇವರ ದಯೆ.

ಅಂಕಿ ಬರೆದು ಕೊಟ್ಟ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ನಾಲ್ಕು ಜನರೆದುರು ಬೈದೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಅವರಿಗೆ ವಾಟ್ಸಾಪ್ ಮಾಡಿದೆ. ನಡೆದಿದ್ದೆಲ್ಲ ಬರೆದೆ. ಕ್ಷಮಿಸಿ ಅಂದೆ. ಇನ್ನೊಂದು ಬಿಲ್ಲು ಬೇಕು, ಅದೇ 25 ಇಂಚು, 32 ಪೌಂಡು ಅಂದೆ. ಬೆಳಿಗ್ಗೆ ಆರೂವರೆಗೆ ಉತ್ತರ ಬಂದಿತ್ತು. ಬೈಗುಳ ಇಲ್ಲ, ಬುದ್ಧಿಮಾತೂ ಇಲ್ಲ. ಒಂದೇ ಸಾಲು:

"ಮಾಡಿಕೊಡ್ತೀನಿ ಅಕ್ಕಾ. ನಿಮ್ಮ ಅಳತೆ ನನ್ನ ಹತ್ರ ಇದೆ, ಆ ಹುಡುಗನ ಕೈ ಅಳತೆ ಕಳಿಸಿ."